ಒಂದೇ ದಪ್ಪದ ಪೈನ್ ಮರ, ಬೇರೆ ಬೇರೆ ಎತ್ತರ: ಪುಣೆಯಲ್ಲಿ ಕೂತು ಬಿಡಿಸಿದ ಕುಮಾವೂ ನೆಡುತೋಪಿನ ಲೆಕ್ಕ

ಕಾಡಿನಲ್ಲಿ ಮರದ ದಪ್ಪ ಅಳೆಯುವುದು ಸುಲಭ. ಎದೆಮಟ್ಟದಲ್ಲಿ ಟೇಪ್ ಸುತ್ತಿ ಓದಿದರೆ ಮುಗಿಯಿತು. ಎತ್ತರ ಹಾಗಲ್ಲ. ತುದಿಯೂ ಬುಡವೂ ಎರಡೂ ಕಾಣುವ ಜಾಗ ಹುಡುಕಬೇಕು, ದೂರ ಅಳೆಯಬೇಕು, ಕೋನ ಓದಬೇಕು, ದಟ್ಟ ನೆಡುತೋಪಿನಲ್ಲಂತೂ ಎಷ್ಟೋ ಸಲ ಮೇಲೆ ಕಾಣುತ್ತಿರುವ ತುದಿ ಯಾವ ಮರದ್ದು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ರೂಢಿ ಇದೆ. ಅಳತೆಗೆ ಗುರುತು ಮಾಡಿದ ತುಂಡು ನೆಲಕ್ಕೆ ಪ್ಲಾಟ್ ಅನ್ನುತ್ತಾರೆ. ಪ್ಲಾಟ್‌ನ ಎಲ್ಲ ಮರಗಳ ದಪ್ಪ ಅಳೆಯುತ್ತಾರೆ, ಕೆಲವೇ ಮರಗಳ ಎತ್ತರ ಅಳೆಯುತ್ತಾರೆ, ಉಳಿದ ಮರಗಳ ಎತ್ತರವನ್ನು ದಪ್ಪದಿಂದ ಲೆಕ್ಕ ಹಾಕುತ್ತಾರೆ. ಮರದ ಘನ ಅಳತೆ, ಇಂಗಾಲದ ಅಂದಾಜು, ಕಡಿದರೆ ಎಷ್ಟು ಮಾಲು ಸಿಗುತ್ತದೆ ಅನ್ನುವುದು, ಎಲ್ಲಾ ಈ ಲೆಕ್ಕದ ಮೇಲೇ ನಿಂತಿದೆ.

ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಲೆಕ್ಕದ ಕಥೆ. ನಾನು ಸಿರ್ಸಿಯ ಅರಣ್ಯ ಕಾಲೇಜಿನಲ್ಲಿ ಓದಿದವಳು, ಈಗ ಪುಣೆಯಲ್ಲಿ ಡೇಟಾ ಕೆಲಸ ಮಾಡುತ್ತೇನೆ. ಕೋಥ್ರೂಡ್‌ನಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿ ವಿಜಯಪುರ ಕಡೆಯ ಒಂದು ಕುಟುಂಬ ಇದೆ. ಅವರ ಮಗಳು ಸಂಖ್ಯಾಶಾಸ್ತ್ರದಲ್ಲಿ ಎಂಎಸ್‌ಸಿ ಮಾಡುತ್ತಿದ್ದಾಳೆ. ಅವಳ ಪ್ರಾಜೆಕ್ಟಿಗೆ ಸಿಕ್ಕಿದ್ದು ಉತ್ತರಾಖಂಡದ ಕುಮಾವೂ ಬೆಟ್ಟಗಳ ಚಿರ್ ಪೈನ್ ನೆಡುತೋಪಿನ ಅಳತೆಗಳು. ಹಲವು ಪ್ಲಾಟ್‌ಗಳು, ಒಂದೊಂದೂ 0.1 ಹೆಕ್ಟೇರ್, ಅಂದರೆ 31.62 ಮೀಟರ್ ಬದಿಯ ಚೌಕ. ಎಲ್ಲ ಮರಗಳ ದಪ್ಪ ಇತ್ತು, ಕೆಲವು ಮರಗಳ ಎತ್ತರ ಇತ್ತು. ಅವಳು ದಪ್ಪದಿಂದ ಎತ್ತರ ಹೇಳುವ ಒಂದು ಸಮೀಕರಣ, ಅಂದರೆ ಚುಕ್ಕೆಗಳ ನಡುವೆ ಹಾಯುವ ಒಂದು ಗೆರೆ, ಹೊಂದಿಸಿಕೊಂಡು ಬಂದಳು. "ಅಕ್ಕಾ, ಗೆರಿ ಎಷ್ಟು ಛಲೋ ಕೂತೈತಿ ನೋಡ್ರಿ. ಆದ್ರ ನಮ್ಮ ಸರ್ ಒಪ್ಪವಲ್ರು."

ಅವಳ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: ಈ ಗೆರೆ ಯಾವ ಪ್ಲಾಟ್‌ನ ಮರಕ್ಕೆ ಸರಿ? ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುವ ಮೊದಲು ಡೇಟಾ ಶುಚಿ ಮಾಡುವ ಕೆಲಸ ಇತ್ತು, ಅದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ಬಿಡಿಸಿ ಬರೆಯುವುದಿಲ್ಲ.

ವ್ಯಾಸ ಅಡ್ಡಕ್ಕೆ, ಎತ್ತರ ಮೇಲಕ್ಕೆ ಇಟ್ಟು ಮರಕ್ಕೊಂದು ಚುಕ್ಕೆ ಹಾಕಿದ ಚಿತ್ರದಲ್ಲಿ ಒಂದು ಗುಂಪು ಮರಗಳು ಬಲಕ್ಕೆ ದೂರ ಹೋಗಿ ಕೂತಿದ್ದವು. 20 ಮೀಟರ್ ಎತ್ತರ, 94 ಸೆಂಟಿಮೀಟರ್ ವ್ಯಾಸ. ನೆಟ್ಟ ಪೈನ್ ಮರಗಳ ನಡುವೆ ಅಂಥ ಹೆಮ್ಮರಗಳು ಗುಂಪಾಗಿ ಎಲ್ಲಿಂದ ಬರಬೇಕು? 94ನ್ನು 3.14ರಿಂದ ಭಾಗಿಸಿದರೆ 29.9. ಅದು ವ್ಯಾಸ ಅಲ್ಲ, ಸುತ್ತಳತೆ. ನಮ್ಮ ದೇಶದಲ್ಲಿ ಗಾರ್ಡ್‌ಗಳ ಕೈಯಲ್ಲಿರುವುದು ಹೆಚ್ಚಾಗಿ ಮಾಮೂಲಿ ಟೇಪ್, ಅದು ಕೊಡುವುದು ಸುತ್ತಳತೆ. ಒಬ್ಬರು ಭಾಗಿಸಿ ಬರೆದಿದ್ದಾರೆ, ಇನ್ನೊಬ್ಬರು ಹಾಗೇ ಬರೆದಿದ್ದಾರೆ, ಎರಡೂ ಒಂದೇ ಕಾಲಮ್ಮಿಗೆ ಬಂದಿವೆ. ಇದರ ತದ್ವಿರುದ್ಧ ಗೊಂದಲವೂ ಇದೆ. ಸಂಖ್ಯಾಶಾಸ್ತ್ರದ ಆರ್ ಪ್ರೋಗ್ರಾಮಿನ ಜೊತೆ ಬರುವ, ಎಲ್ಲ ವಿದ್ಯಾರ್ಥಿಗಳೂ ಕೈಪಳಗಿಸಿಕೊಳ್ಳುವ 31 ಬ್ಲ್ಯಾಕ್ ಚೆರ್ರಿ ಮರಗಳ ಡೇಟಾದಲ್ಲಿ ಕಾಲಮ್ಮಿನ ಹೆಸರು ಸುತ್ತಳತೆ, ಆದರೆ ಒಳಗಿರುವುದು ಇಂಚಿನಲ್ಲಿ ವ್ಯಾಸ. ಅಲ್ಲಿಂದ ಕಲಿತು ಬಂದ ಹುಡುಗಿಗೆ ಕಾಲಮ್ಮಿನ ಹೆಸರನ್ನು ನಂಬಬಾರದು ಅಂತ ಹೇಳುವುದು ಸುಲಭವಾಯಿತು.

ಎದೆಮಟ್ಟ ಅಂದರೆ ಎಷ್ಟು ಅನ್ನುವುದೂ ಗೊತ್ತಿರಬೇಕು. ಭಾರತದಲ್ಲಿ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಯುರೋಪಿನಲ್ಲಿ 1.3. ವ್ಯತ್ಯಾಸ ಚಿಕ್ಕದು, ಆದರೆ ಸಮೀಕರಣದಲ್ಲಿ ಈ ಸಂಖ್ಯೆ ನೇರವಾಗಿ ಕೂರುತ್ತದೆ. ಎದೆಮಟ್ಟದ ವ್ಯಾಸ ಸೊನ್ನೆ ಇದ್ದಾಗ ಮರದ ಎತ್ತರ ಎದೆಮಟ್ಟದಷ್ಟೇ ಇರಬೇಕು ಅಲ್ವಾ? ಅದಕ್ಕೇ ಎಲ್ಲ ಒಳ್ಳೆಯ ಸಮೀಕರಣಗಳೂ 1.3 ಅಥವಾ 1.37ರಿಂದಲೇ ಶುರುವಾಗುತ್ತವೆ. ಅವಳು ಯುರೋಪಿನ ಪ್ರಬಂಧ ನೋಡಿ 1.3 ಹಾಕಿದ್ದಳು, ಬದಲಿಸಿದೆವು. ಇಳಿಜಾರಿನಲ್ಲಿ ಬೆಟ್ಟದ ಮೇಲ್ಬದಿಗೆ ನಿಂತು ಅಳೆಯಬೇಕು ಅನ್ನುವ ನಿಯಮವೂ ಇದೆ. ಚಿರ್ ಪೈನ್‌ನಲ್ಲಿ ಇನ್ನೊಂದು ತೊಡಕು ರಾಳದ್ದು. ರಾಳ ತೆಗೆಯಲು ಕಾಂಡ ಕೆತ್ತಿದ ಗಾಯ ಎದೆಮಟ್ಟಕ್ಕೇ ಬಂದಿದ್ದರೆ ಅಲ್ಲಿ ಸುತ್ತಿದ ಟೇಪ್ ಸುಳ್ಳು ಹೇಳುತ್ತದೆ. ಅಂಥ ಮರಗಳ ಪಕ್ಕ ಗುರುತು ಇತ್ತು, ಸದ್ಯ ಬದುಕಿದೆವು. ತುದಿ ಮುರಿದ ಮರಗಳನ್ನು ಗೆರೆ ಹೊಂದಿಸುವಾಗ ಹೊರಗಿಟ್ಟೆವು. ಆದರೆ ಪ್ಲಾಟ್‌ನ ಒಟ್ಟು ಘನ ಅಳತೆಯಲ್ಲಿ ಅವು ಇರಲೇಬೇಕು, ಅವೂ ಅಲ್ಲಿ ನಿಂತಿರುವ ಮರಗಳೇ.

ಎತ್ತರದ ಅಳತೆ ಹೇಗೆ ತಪ್ಪುತ್ತದೆ ಅನ್ನುವುದು ಕೂತಲ್ಲೇ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವಳನ್ನು ವೇತಾಳ ಟೇಕಡಿಗೆ ಕರೆದುಕೊಂಡು ಹೋದೆ. ಅಲ್ಲಿ ಗುಡ್ಡದ ತುಂಬಾ ಗ್ಲಿರಿಸಿಡಿಯಾ ಮರಗಳು, ಪೈನ್ ಎಲ್ಲಿಂದ ಬರಬೇಕು, ಆದರೆ ಇಳಿಜಾರು ಮಾತ್ರ ಬೇಕಾದಷ್ಟು ಇದೆ. ಸೂತ್ರ ಎಲ್ಲರಿಗೂ ಗೊತ್ತಿರುವುದೇ: 20 ಮೀಟರ್ ದೂರ ನಿಂತು, ತುದಿಗೆ 42 ಡಿಗ್ರಿ, ಬುಡಕ್ಕೆ ಕಣ್ಣಿನ ಮಟ್ಟದಿಂದ ಕೆಳಗೆ 5 ಡಿಗ್ರಿ ಬಂದರೆ ಎತ್ತರ 18 ಮೀಟರ್ ಮತ್ತು 1.75 ಮೀಟರ್ ಸೇರಿ 19.75. ಆದರೆ ಆ 20 ಮೀಟರ್ ಅಡ್ಡಮಟ್ಟದ ದೂರ ಆಗಿರಬೇಕು. 20 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಟೇಪ್ ಹಾಸಿ 20 ಮೀಟರ್ ಅಳೆದರೆ ಅಡ್ಡಮಟ್ಟದ ದೂರ ನಿಜಕ್ಕೂ 18.8 ಮಾತ್ರ. ಅದನ್ನು ಸರಿಪಡಿಸದಿದ್ದರೆ ಎತ್ತರ ಶೇ 6ರಷ್ಟು ಜಾಸ್ತಿ ಬರುತ್ತದೆ.

ವಾಲಿದ ಮರ ಇನ್ನೂ ಅಪಾಯ. 20 ಮೀಟರ್ ಎತ್ತರದ ಮರದ ತುದಿ ನಮ್ಮ ಕಡೆಗೆ 2 ಮೀಟರ್ ವಾಲಿದೆ ಅಂತಿಟ್ಟುಕೊಳ್ಳಿ. ನಾವು ಬುಡದಿಂದ 20 ಮೀಟರ್ ದೂರ ನಿಂತು ಅಳೆದರೆ ಲೆಕ್ಕದಲ್ಲಿ 22.2 ಬರುತ್ತದೆ. ಆಚೆ ಕಡೆಗೆ ಅಷ್ಟೇ ವಾಲಿದ್ದರೆ 18.2. ಒಂದೇ ಮರ, 4 ಮೀಟರ್ ಫರಕು. ಆದ್ದರಿಂದ ವಾಲಿದ ದಿಕ್ಕಿಗೆ ಅಡ್ಡವಾಗಿ ನಿಂತು ಅಳೆಯಬೇಕು. ಅವಳು ಫೋನಿನ ಕೋನಮಾಪಕ ಹಿಡಿದು ಒಂದೇ ಮರವನ್ನು ನಾಲ್ಕು ದಿಕ್ಕಿನಿಂದ ಅಳೆದಳು. ನಾಲ್ಕು ಉತ್ತರ ಬಂದವು. ಅವಳ ಪಟ್ಟಿಯಲ್ಲಿದ್ದ ಪ್ರತಿ ಎತ್ತರದ ಹಿಂದೆಯೂ ಇಂಥದ್ದೊಂದು ಜೋಲಾಟ ಇದೆ ಅಂತ ಅವತ್ತು ಮನದಟ್ಟಾಯಿತು. ಹೀಗಿರುವಾಗ ಚುಕ್ಕೆಗಳೆಲ್ಲ ಗೆರೆಯ ಮೇಲೇ ಕೂರಲಿ ಅಂತ ಹಟ ಹಿಡಿಯುವುದರಲ್ಲಿ ಅರ್ಥ ಇಲ್ಲ.

ಈಗ ಸಮೀಕರಣಕ್ಕೆ ಬರೋಣ. ಎತ್ತರ ಮತ್ತು ವ್ಯಾಸದ ಸಂಬಂಧ ಸರಳರೇಖೆ ಅಲ್ಲ. ಸಣ್ಣ ಮರಗಳಲ್ಲಿ ಗೆರೆ ಬೇಗ ಏರುತ್ತದೆ, ದಪ್ಪ ಮರಗಳಲ್ಲಿ ಬಾಗಿ ಚಪ್ಪಟೆಯಾಗುತ್ತದೆ. ಇದಕ್ಕೆ ಬೇಕಾದಷ್ಟು ಸಮೀಕರಣಗಳಿವೆ: ಚಾಪ್‌ಮನ್-ರಿಚರ್ಡ್ಸ್, ವೈಬುಲ್, ಕರ್ಟಿಸ್, ಹೀಗೆ. ಕೆನಡಾದ ಆಲ್ಬರ್ಟಾದ ಮರಗಳ ಮೇಲೆ 1992ರಲ್ಲಿ ಬಂದ ಒಂದು ಅಧ್ಯಯನ ಇಂಥ 20 ಸಮೀಕರಣಗಳನ್ನು ಹೋಲಿಸಿತ್ತು. ಇವಳೂ ಹಾಗೇ ಶುರು ಮಾಡಿದ್ದಳು, ಒಂದಾದ ಮೇಲೆ ಒಂದು ಹೊಂದಿಸಿ ಎಐಸಿ (ಯಾವ ಸಮೀಕರಣ ಚೆನ್ನಾಗಿ ಕೂರುತ್ತದೆ ಅಂತ ಹೋಲಿಸುವ ಅಂಕ) ಪಟ್ಟಿ ಮಾಡಿದ್ದಳು. ಚಾಪ್‌ಮನ್-ರಿಚರ್ಡ್ಸ್ ಅವಳಿಗೆ ತುಂಬಾ ಕಾಟ ಕೊಟ್ಟಿತ್ತು. ಅದರಲ್ಲಿ ಗರಿಷ್ಠ ಎತ್ತರಕ್ಕೆ ಒಂದು ಗುಣಾಂಕ ಇದೆ. ದಪ್ಪ ಮರಗಳೇ ಇಲ್ಲದ ಎಳೆಯ ಪ್ಲಾಟ್‌ಗಳಲ್ಲಿ ಆ ಗುಣಾಂಕಕ್ಕೆ ಆಧಾರವೇ ಇರುವುದಿಲ್ಲ, ಒಮ್ಮೆ 25 ಅನ್ನುತ್ತದೆ, ಒಮ್ಮೆ 60 ಅನ್ನುತ್ತದೆ, ಎರಡರಲ್ಲೂ ಗೆರೆ ಚುಕ್ಕೆಗಳ ನಡುವೆ ಹೆಚ್ಚುಕಡಿಮೆ ಒಂದೇ ಥರ ಹಾಯುತ್ತದೆ.

ನಾನು ಸೂಚಿಸಿದ್ದು ನ್ಯಾಸ್ಲುಂಡ್ ಸಮೀಕರಣ. ಸ್ವೀಡನ್‌ನವರಾದ ನ್ಯಾಸ್ಲುಂಡ್ ಇದನ್ನು ಕೊಟ್ಟಿದ್ದು 1936ರಲ್ಲಿ, ಅದೂ ಪೈನ್ ಕಾಡಿನ ಥಿನ್ನಿಂಗ್ (ನಡುನಡುವೆ ಕೆಲವು ಮರ ಕಡಿದು ಉಳಿದವಕ್ಕೆ ಜಾಗ ಮಾಡುವುದು) ಪ್ರಯೋಗಗಳ ವರದಿಯಲ್ಲಿ. ಎರಡೇ ಗುಣಾಂಕ. ವ್ಯಾಸವನ್ನು 'ಅ + ಬ × ವ್ಯಾಸ'ದಿಂದ ಭಾಗಿಸಿ, ವರ್ಗ ಮಾಡಿ, 1.37 ಕೂಡಿಸಿದರೆ ಎತ್ತರ. ಇದರಲ್ಲಿ ನನಗೆ ಇಷ್ಟವಾದ ಗುಣ ಒಂದಿದೆ. ಎತ್ತರದಿಂದ 1.37 ಕಳೆದು, ವರ್ಗಮೂಲ ತೆಗೆದು, ಅದರಿಂದ ವ್ಯಾಸವನ್ನು ಭಾಗಿಸಿದರೆ ಬರುವ ಸಂಖ್ಯೆ ವ್ಯಾಸದ ಜೊತೆ ಸರಳರೇಖೆಯಲ್ಲಿ ಹೋಗುತ್ತದೆ. ದೊಡ್ಡ ಪ್ರೋಗ್ರಾಮ್ ಬೇಡ, ಸ್ಪ್ರೆಡ್‌ಶೀಟ್ ಸಾಕು, ಕಣ್ಣಿಗೇ ಕಾಣುತ್ತದೆ. ಈ ಸರಳರೇಖೆಯೇ ಅಂತಿಮ ಉತ್ತರ ಅಲ್ಲ, ಇದು ಬೇರೆ ಅಳತೆಗೋಲಿನಲ್ಲಿ ತಪ್ಪನ್ನು ಕಡಿಮೆ ಮಾಡುತ್ತದೆ. ಆದರೆ ಮುಂದೆ ಸರಿಯಾದ ಹೊಂದಾಣಿಕೆ ಮಾಡುವಾಗ ಆರಂಭದ ಬೆಲೆಗಳು ಇಲ್ಲಿಂದಲೇ ಸಿಗುತ್ತವೆ, ಪ್ರೋಗ್ರಾಮ್ ಮಧ್ಯದಲ್ಲಿ ಕೈಕೊಡುವುದಿಲ್ಲ.

"ಪ್ಲಾಟ್‌ಗೊಂದು ಬಣ್ಣ ಕೊಟ್ಟು ಇನ್ನೊಮ್ಮೆ ಚಿತ್ರ ತೆಗಿ" ಅಂದೆ. ತೆಗೆದಳು. ಅಲ್ಲಿಗೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಸಿಕ್ಕಿತು. ಒಟ್ಟಿಗೆ ನೋಡಿದಾಗ ಒಂದೇ ಮೋಡದ ಹಾಗೆ ಕಂಡಿದ್ದು ಬಣ್ಣ ಹಚ್ಚಿದ ಮೇಲೆ ಪದರ ಪದರವಾಗಿ ಬಿಚ್ಚಿಕೊಂಡಿತು. ಕಣಿವೆಯ ತಂಪು ಮಗ್ಗುಲಿನ ಪ್ಲಾಟ್‌ಗಳು ಇಡಿಯಾಗಿ ಮೇಲೆ, ದಿಣ್ಣೆಯ ಒಣ ನೆಲದವು ಇಡಿಯಾಗಿ ಕೆಳಗೆ, ಥಿನ್ನಿಂಗ್ ಆದವು ಬೇರೆ ಜಾಗದಲ್ಲಿ. ಅವಳ ಗೆರೆ ಎಲ್ಲದರ ನಡುವೆ ಹಾದು ಹೋಗಿತ್ತು, ಯಾವ ಪ್ಲಾಟ್‌ಗೂ ಅದು ಸರಿಯಾದ ಗೆರೆ ಆಗಿರಲಿಲ್ಲ. ಸಮೀಕರಣ ಬದಲಿಸಿದರೆ ಗೆರೆ ಕೂದಲೆಳೆಯಷ್ಟು ಜರುಗುತ್ತಿತ್ತು, ಪ್ಲಾಟ್‌ನಿಂದ ಪ್ಲಾಟ್‌ಗೆ ಆಗುವ ವ್ಯತ್ಯಾಸದ ಮುಂದೆ ಅದು ಏನೂ ಅಲ್ಲ.

ಯಾಕೆ ಹೀಗೆ? ಮರದ ಎತ್ತರವನ್ನು ಹೆಚ್ಚಾಗಿ ನೆಲದ ಕಸುವು ಮತ್ತು ವಯಸ್ಸು ತೀರ್ಮಾನಿಸುತ್ತವೆ. ದಪ್ಪವನ್ನು ಅದರ ಜೊತೆಗೆ ಅಕ್ಕಪಕ್ಕದ ಜಾಗವೂ ತೀರ್ಮಾನಿಸುತ್ತದೆ. ಒತ್ತೊತ್ತಾಗಿ ನೆಟ್ಟ ಕಡೆ ಬೆಳಕಿಗಾಗಿ ಮರ ಮೇಲಕ್ಕೆ ಹೋಗುತ್ತದೆ, ದಪ್ಪ ಹಿಂದೆ ಬೀಳುತ್ತದೆ. ಥಿನ್ನಿಂಗ್ ಮಾಡಿ ಪಕ್ಕದ ಮರಗಳನ್ನು ತೆಗೆದರೆ ಉಳಿದ ಮರ ಬೇಗ ದಪ್ಪವಾಗುತ್ತದೆ, ಎತ್ತರ ಮಾತ್ರ ತನ್ನ ಮಾಮೂಲಿ ವೇಗದಲ್ಲೇ ಇರುತ್ತದೆ. ಹಾಗಾಗಿ ಒಂದೇ ಗುಡ್ಡ, ಒಂದೇ ವಯಸ್ಸು, ಒಂದೇ ಬೀಜ ಇದ್ದರೂ ಥಿನ್ನಿಂಗ್ ಆದ ಪ್ಲಾಟ್‌ನ 30 ಸೆಂಟಿಮೀಟರ್ ಮರ ಪಕ್ಕದ ಪ್ಲಾಟ್‌ನ 30 ಸೆಂಟಿಮೀಟರ್ ಮರಕ್ಕಿಂತ ಗಿಡ್ಡ ಇರುತ್ತದೆ.

ಇದು ಎಷ್ಟು ದೊಡ್ಡ ವಿಷಯ ಅಂತ ತೋರಿಸಲು ಅವಳ ಮುಂದೆ ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆ. ಇವು ಅವಳ ಡೇಟಾದ ಗುಣಾಂಕಗಳಲ್ಲ, ಲೆಕ್ಕ ಸುಲಭವಾಗಲಿ ಅಂತ ಇಟ್ಟುಕೊಂಡವು. ನಡುವಿನ ಗೆರೆಗೆ ಅ = 2, ಬ = 0.18. ಮರದ ವ್ಯಾಸ 30. ಆಗ 2 + 5.4 = 7.4, 30ನ್ನು ಅದರಿಂದ ಭಾಗಿಸಿದರೆ 4.05, ವರ್ಗ 16.4, ಎತ್ತರ 17.8 ಮೀಟರ್. ಕಣಿವೆಯ ಪ್ಲಾಟ್‌ಗೆ 1.7 ಮತ್ತು 0.17 ಇಟ್ಟರೆ 20.8 ಮೀಟರ್. ದಿಣ್ಣೆಗೆ 2.3 ಮತ್ತು 0.19 ಇಟ್ಟರೆ 15.4. ಗುಣಾಂಕದಲ್ಲಿ ಇಷ್ಟೇ ಇಷ್ಟು ವ್ಯತ್ಯಾಸ, ಎತ್ತರದಲ್ಲಿ ಐದು ಮೀಟರಿಗೂ ಜಾಸ್ತಿ. ಮರದ ಘನ ಅಳತೆ ಸುಮಾರಾಗಿ ವ್ಯಾಸದ ವರ್ಗ ಗುಣಿಸು ಎತ್ತರ. ನಡುವಿನ ಗೆರೆ ಬಳಸಿದರೆ ಕಣಿವೆಯ ಮರದ ನಿಜವಾದ ಘನ ಅಳತೆ ನಮ್ಮ ಲೆಕ್ಕಕ್ಕಿಂತ ಶೇ 17 ಜಾಸ್ತಿ, ದಿಣ್ಣೆಯ ಮರದ್ದು ಶೇ 13 ಕಡಿಮೆ.

"ಒಂದ್ ಕಡೆ ಹೆಚ್ಚು, ಒಂದ್ ಕಡೆ ಕಡಿಮಿ, ಒಟ್ಟಿನಾಗ ಸರಿ ಹೋಗ್ತದಲ್ರಿ?" ಅಂತ ಕೇಳಿದಳು. ಹೋಗುವುದಿಲ್ಲ. ದಪ್ಪ ಮರಗಳು ಹೆಚ್ಚಾಗಿ ಇರುವುದು ಒಳ್ಳೆಯ ನೆಲದಲ್ಲೇ. ಮಾಲಿನ ದೊಡ್ಡ ಪಾಲು ಅಲ್ಲೇ ಇದೆ, ಕಡಿಮೆ ಅಂದಾಜು ಆಗುತ್ತಿರುವುದೂ ಅಲ್ಲೇ. ಸರಾಸರಿ ತಪ್ಪು ಸೊನ್ನೆ ಬಂದರೂ ಒಟ್ಟು ಮೊತ್ತ ತಪ್ಪುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1996ರಲ್ಲಿ ಪ್ರಕಟಿಸಿದ ಘನ ಅಳತೆಯ ಸಮೀಕರಣಗಳಲ್ಲಿ ಕೆಲವು ವ್ಯಾಸವೊಂದನ್ನೇ ಕೇಳುತ್ತವೆ, ಕೆಲವು ಎತ್ತರವನ್ನೂ ಕೇಳುತ್ತವೆ. ವ್ಯಾಸವೊಂದನ್ನೇ ಕೇಳುವ ಸಮೀಕರಣದಲ್ಲೂ ಎತ್ತರ ಒಳಗೇ ಕೂತಿರುತ್ತದೆ, ಆ ಸಮೀಕರಣ ಹುಟ್ಟಿದ ಜಾಗದ ಎತ್ತರ.

ಹಾಗಾದರೆ ಪ್ಲಾಟ್‌ಗೊಂದು ಗೆರೆ ಎಳೆದರೆ ಆಯ್ತಲ್ಲ? ಕೆಲವು ಪ್ಲಾಟ್‌ಗಳಲ್ಲಿ ಅಳೆದ ಎತ್ತರ ನಾಲ್ಕೈದೇ ಇತ್ತು, ಅದರಲ್ಲೂ ಎಲ್ಲ ಮರಗಳದ್ದು ಹೆಚ್ಚುಕಡಿಮೆ ಒಂದೇ ದಪ್ಪ. ಅಂಥ ಕಡೆ ಬೇರೆ ಗೆರೆ ಹೊಂದಿಸಿದರೆ ದಪ್ಪ ಮರ ಗಿಡ್ಡ, ಸಣ್ಣ ಮರ ಎತ್ತರ ಅನ್ನುವ ಉತ್ತರವೂ ಬರುತ್ತದೆ. ಇದಕ್ಕೆ ಮಧ್ಯದ ದಾರಿ ಮಿಶ್ರ ಮಾದರಿ. ಎಲ್ಲ ಪ್ಲಾಟ್‌ಗಳಿಗೂ ಸೇರಿ ಒಂದು ಮೂಲ ಗೆರೆ, ಅದರ ಸುತ್ತ ಪ್ರತಿ ಪ್ಲಾಟ್ ಎಷ್ಟು ಸರಿಯಬಹುದು ಅನ್ನುವುದಕ್ಕೊಂದು ಹರವು. ಅಳತೆ ಜಾಸ್ತಿ ಇರುವ ಪ್ಲಾಟ್ ತನ್ನ ಮಾತು ತಾನೇ ಹೇಳುತ್ತದೆ, ಕಡಿಮೆ ಇರುವುದು ಮೂಲ ಗೆರೆಯ ಹತ್ತಿರ ಉಳಿಯುತ್ತದೆ.

ಎಷ್ಟು ಸರಿಯುತ್ತದೆ ಅನ್ನುವುದನ್ನು ಸರಳ ಸಂಖ್ಯೆಯಲ್ಲಿ ನೋಡೋಣ. ಪ್ಲಾಟ್‌ಗಳ ನಡುವಿನ ಹರವು 1.5 ಮೀಟರ್, ಒಂದೇ ಪ್ಲಾಟ್‌ನೊಳಗೆ ಮರಗಳ ನಡುವಿನ ಹರವೂ 1.5 ಮೀಟರ್ ಅಂತಿಟ್ಟುಕೊಳ್ಳಿ. ಹೊಸ ಪ್ಲಾಟ್‌ನಲ್ಲಿ ಒಂದು ಮರ ಅಳೆದಿರಿ, ಅದು ಮೂಲ ಗೆರೆಗಿಂತ 2.5 ಮೀಟರ್ ಮೇಲಿದೆ. ಆಗ ಗೆರೆಯನ್ನು ಅರ್ಧದಷ್ಟು, ಅಂದರೆ 1.25 ಮೀಟರ್ ಮಾತ್ರ ಎತ್ತಬೇಕು, ಆ ಒಂದು ಮರವೇ ವಿಶೇಷ ಇದ್ದೀತು. ಎರಡೂ ಹರವು ಸಮ ಇರುವುದರಿಂದ ಮೂಲ ಗೆರೆಗೆ ಒಂದು ಮರದಷ್ಟೇ ತೂಕ. ನಾಲ್ಕು ಮರ ಅಳೆದು, ಸರಾಸರಿ ಅಷ್ಟೇ ಮೇಲಿದ್ದರೆ, ಐದರಲ್ಲಿ ನಾಲ್ಕು ಪಾಲು, ಅಂದರೆ 2 ಮೀಟರ್ ಎತ್ತಬಹುದು. ಫಿನ್ಲೆಂಡಿನ ಲಪ್ಪಿ 1997ರಲ್ಲಿ ಎತ್ತರ-ವ್ಯಾಸದ ಗೆರೆಗಳಿಗೆ ಈ ಥರದ ಲೆಕ್ಕ ಬಳಸಿ ತೋರಿಸಿದ್ದರು. ಈಗ ಆರ್‌ನಲ್ಲಿ ಇದಕ್ಕೆ ಸಿದ್ಧ ಪ್ಯಾಕೇಜ್‌ಗಳಿವೆ, 'ಎಲ್ಎಂಫೋರ್' ಅನ್ನುವುದರಲ್ಲಿ ಅಳೆಯದ ಎತ್ತರಗಳನ್ನು ತುಂಬುವ ಫಂಕ್ಷನ್ನೇ ಇದೆ.

ಆದ್ದರಿಂದ ನನ್ನ ಅಭಿಪ್ರಾಯ ಖಡಾಖಂಡಿತ: ಇಪ್ಪತ್ತೊಂದನೇ ಸಮೀಕರಣ ಹುಡುಕುವ ಹೊತ್ತಿನಲ್ಲಿ ಪ್ರತಿ ಪ್ಲಾಟ್‌ನಲ್ಲೂ ನಾಲ್ಕು ಎತ್ತರ ಅಳೆಸಿ. ಕಾಡಿನಲ್ಲಿ ಸುರಿದ ಬೆವರಿಗೆ ಸಿಗುವ ಲಾಭ ಅಲ್ಲೇ ಇದೆ.

ಮಾದರಿಯನ್ನು ಪರೀಕ್ಷಿಸುವಾಗಲೂ ಇದೇ ವಿಷಯ ಅಡ್ಡ ಬರುತ್ತದೆ. ಅವಳು ಎಲ್ಲ ಮರಗಳನ್ನು ಕಲಸಿ, ಶೇ 80 ಹೊಂದಿಸಲು, ಶೇ 20 ಪರೀಕ್ಷಿಸಲು ಅಂತ ಹಂಚಿದ್ದಳು. ನಮ್ಮ ಹಿಂಜವಡಿಯ ಕಂಪನಿಗಳಲ್ಲಿ ದಿನಾ ನಡೆಯುವ ರೂಢಿ ಅದು. ಆದರೆ ಹೀಗೆ ಮಾಡಿದರೆ ಒಂದೇ ಪ್ಲಾಟ್‌ನ ಮರಗಳು ಎರಡೂ ಕಡೆ ಹೋಗುತ್ತವೆ, ಮಾದರಿಗೆ ಆ ಪ್ಲಾಟ್ ಆಗಲೇ ಗೊತ್ತಿರುತ್ತದೆ, ಪರೀಕ್ಷೆ ಪರೀಕ್ಷೆಯಾಗಿ ಉಳಿಯುವುದಿಲ್ಲ. ಇಡೀ ಪ್ಲಾಟನ್ನೇ ಹೊರಗಿಟ್ಟು, ಉಳಿದ ಪ್ಲಾಟ್‌ಗಳಿಂದ ಅದರ ಎತ್ತರ ಹೇಳಿಸಬೇಕು. ಹಾಗೆ ಮಾಡಿದಾಗ ತಪ್ಪು ಎದ್ದು ಕಾಣುವಷ್ಟು ಜಾಸ್ತಿಯಾಯಿತು. ಅವಳಿಗೆ ಬೇಸರವಾಯಿತು, ಆದರೆ ನಿಜವಾದ ತಪ್ಪು ಅದೇ. ನಂತರ ಹೊರಗಿಟ್ಟ ಪ್ಲಾಟ್‌ನ ಕೆಲವು ಎತ್ತರಗಳನ್ನು ಮಾದರಿಗೆ ತೋರಿಸಿ ಗೆರೆ ಸರಿಸಿದೆವು, ತಪ್ಪು ಮತ್ತೆ ಇಳಿಯಿತು. ಮೇಷ್ಟ್ರು ಒಪ್ಪಿದ್ದು ಈ ಎರಡು ಚಿತ್ರ ಅಕ್ಕಪಕ್ಕ ನೋಡಿದ ಮೇಲೆ.

ಒಂದು ಕಡೆ ಮಾತ್ರ ಅವಳಿಗೂ ಮೇಷ್ಟ್ರಿಗೂ ಒಮ್ಮತ ಆಗಲು ಹೊತ್ತು ಹಿಡಿಯಿತು. ಈ ಮರ ಇವತ್ತು 25 ಸೆಂಟಿಮೀಟರ್, ಹತ್ತು ವರ್ಷದ ಮೇಲೆ 35 ಆಗುತ್ತದೆ, ಇದೇ ಗೆರೆಯಲ್ಲಿ 35ರ ಎದುರು ನೋಡಿ ಆಗಿನ ಎತ್ತರ ಹೇಳೋಣ ಅನ್ನುವುದು ಮೇಷ್ಟ್ರ ಸಲಹೆ. ಒಂದೇ ಸಲ ನೆಟ್ಟ ತೋಪಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಸಣ್ಣ ಮರ ಅಂದರೆ ಎಳೆಯ ಮರ ಅಲ್ಲ, ಅದೇ ವಯಸ್ಸಿನ, ನೆರಳಿಗೆ ಸಿಕ್ಕಿ ಸೋತ ಮರ. ಹತ್ತನೇ ಕ್ಲಾಸಿನ ಗಿಡ್ಡ ಹುಡುಗನನ್ನು ನೋಡಿ ಉದ್ದ ಹುಡುಗ ಚಿಕ್ಕವನಿದ್ದಾಗ ಹೀಗಿದ್ದ ಅನ್ನಲು ಆಗುತ್ತದಾ? ತೋಪಿಗೆ ವಯಸ್ಸಾದ ಹಾಗೆ ಇಡೀ ಗೆರೆಯೇ ಮೇಲಕ್ಕೆ ಹೋಗುತ್ತದೆ, ಹತ್ತು ವರ್ಷದ ಮೇಲಿನ 35 ಸೆಂಟಿಮೀಟರ್ ಮರ ಇವತ್ತಿನ 35 ಸೆಂಟಿಮೀಟರ್ ಮರಕ್ಕಿಂತ ಸಾಮಾನ್ಯವಾಗಿ ಎತ್ತರ ಇರುತ್ತದೆ. ಬೆಳವಣಿಗೆ ಹೇಳಬೇಕಾದರೆ ವಯಸ್ಸು ಅಥವಾ ಮೇಲ್ಸ್ತರದ ಮರಗಳ ಎತ್ತರ ಸಮೀಕರಣದಲ್ಲಿ ಇರಲೇಬೇಕು, ಇಲ್ಲವೇ ಅದೇ ಪ್ಲಾಟನ್ನು ಮತ್ತೆ ಅಳೆಯಬೇಕು. ಕೊನೆಗೆ ಆ ಅಧ್ಯಾಯವನ್ನೇ ಪ್ರಾಜೆಕ್ಟಿನಿಂದ ತೆಗೆದರು. ಸರಿಯಾದ ತೀರ್ಮಾನ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಒಂದೂ ಎತ್ತರ ಅಳೆಯದ ಪ್ಲಾಟ್‌ಗಳೂ ಕೆಲವು ಇದ್ದವು. ಅವಕ್ಕೆ ಹೆಕ್ಟೇರಿಗೆ ಎಷ್ಟು ಮರ, ಪ್ಲಾಟ್‌ನ ಸರಾಸರಿ ವ್ಯಾಸ, ನೆಟ್ಟ ವರ್ಷ, ಇವನ್ನು ಸಮೀಕರಣಕ್ಕೆ ಸೇರಿಸಿ ಅಂದಾಜು ಮಾಡಿದಳು. ಮೂಲ ಗೆರೆಗಿಂತ ವಾಸಿ, ಆದರೆ ಅಳತೆ ಇರುವ ಪ್ಲಾಟ್‌ಗಳಷ್ಟು ಭರವಸೆ ಇಡಲು ಬರುವುದಿಲ್ಲ, ನೆಲದ ಕಸುವು ಈ ಯಾವ ಕಾಲಮ್ಮಿನಲ್ಲೂ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಒಟ್ಟು ಘನ ಅಳತೆಯ ಕೋಷ್ಟಕದಲ್ಲಿ ಅವನ್ನು ಬೇರೆ ಸಾಲಿನಲ್ಲಿ, ತಪ್ಪು ಎಷ್ಟಿರಬಹುದು ಅನ್ನುವ ಅಂತರವನ್ನು ಅಗಲವಾಗಿಟ್ಟು ತೋರಿಸಿದ್ದಾಳೆ. ಮುಂದಿನ ಸಲ ಅಳೆಯಲು ಹೋಗುವವರಿಗೆ ಒಂದು ಪುಟದ ಟಿಪ್ಪಣಿ ಸೇರಿಸಿದ್ದಾಳೆ: ಪ್ರತಿ ಪ್ಲಾಟ್‌ನಲ್ಲಿ ಕನಿಷ್ಠ ನಾಲ್ಕು ಎತ್ತರ, ಅದರಲ್ಲಿ ಒಂದು ಸಣ್ಣ ಮರ, ಒಂದು ತೀರಾ ದಪ್ಪದ್ದು, ಎರಡು ನಡುವಿನವು, ವಾಲಿದ ಮರಕ್ಕೆ ಅಡ್ಡವಾಗಿ ನಿಂತು ಅಳತೆ, ಬರೆದದ್ದು ಸುತ್ತಳತೆಯೋ ವ್ಯಾಸವೋ ಅನ್ನುವುದು ಹಾಳೆಯ ಮೇಲ್ಗಡೆ ದೊಡ್ಡ ಅಕ್ಷರದಲ್ಲಿ. ಅದನ್ನು ಹಿಂದಿಯಲ್ಲೂ ಬರೆಸಿ ಕುಮಾವೂಗೆ ಕಳಿಸಿದ್ದಾಳೆ.